ಮಿತಿಯೊಳಗೆ

ಊರಿನ ಹೆಸರು ಸೂರ್.
ನನ್ನ ನಾಲಿಗೆಗೆ ಅದು ಸೂರು,
ತಲೆಯ ಮೇಲೊಂದಿಷ್ಟು ನೆರಳು ಎಂದೇ
ಮೊದಲ ಫೋನಿನಲ್ಲಿ ಅವ್ವಿಗೆ ಹೇಳಿದ್ದೆ.
ಸಾಣಿಕಟ್ಟೆಯ ಆಗರದಲ್ಲಿ ಸಮುದ್ರ ಒಣಗಿಸಿ
ಉಪ್ಪು ಎಳೆದವಳು ಅವಳು;
ಒಮಾನಿನ ಈ ದಡದಲ್ಲಿ ಸಮುದ್ರ ಹಿಂಡಿ
ಉಪ್ಪು ಕಳೆಯುವವನು ನಾನು.
"ಬರೀ ಉಲ್ಟಾ ಕೆಲಸವಲ್ಲೊ ನಿಂದು" ಎಂದು ನಕ್ಕಿದ್ದಳು.

ರಾತ್ರಿಪಾಳಿಗೆ ನಾವಿಬ್ಬರೇ, ನಾನು ಮತ್ತು ಯಾಕೂಬ್.
ಹನ್ನೆರಡು ಪರದೆ, ಒಂದು ಫ್ಲಾಸ್ಕು,
ಇಬ್ಬರಿಗೂ ಸಾಲುವಷ್ಟು ಮುರುಕು ಹಿಂದಿ,
ಅವನ ಮನೆಯ ಖರ್ಜೂರದ ಡಬ್ಬಿ.
ಗೋಡೆಗೆ ಅಂಟಿಸಿದ ಸುತ್ತೋಲೆ:
ಪಾಳಿಯ ಹೊತ್ತಲ್ಲಿ ಮತಧರ್ಮದ ಚರ್ಚೆ ಬೇಡ.
ಅದರಡಿ ಎಲ್ಲರ ಸಹಿ. ನನ್ನದು ಏಳನೆಯದು.

ನಾವು ಚರ್ಚಿಸಲಿಲ್ಲ.
ಅವನ ಮಗಳು ಹುಟ್ಟಿ ಒಂಬತ್ತು ದಿನಕ್ಕೆ ಹೋದಳು.
ರಜೆ ಮುಗಿಸಿ ಬಂದವನು ಕುರ್ಚಿ ಎಳೆದು ಕೂತ.
ಭುಜ ಮುಟ್ಟಿದೆ, ಏನಾದರೂ ಅನ್ನಬೇಕಲ್ಲ,
ಬಾಯಿಂದ ಬಿದ್ದದ್ದು ಒಂದೇ ಮಾತು:
ಕರ್ಮ.

ಅವನು ತಿರುಗಿ ನೋಡಿದ.
ಆ ಪದ ಅವನಿಗೆ ಗೊತ್ತಿತ್ತು.
ನನಗಿಂತ ಮೊದಲು ಈ ಕುರ್ಚಿಯಲ್ಲಿದ್ದವರು ಯಾರೋ
ಬಿಡಿಸಿ ಹೇಳಿದ್ದರಂತೆ:
ಮಾಡಿದ್ದು ಉಣ್ಣುವುದು, ಲೆಕ್ಕ, ಹಿಂದಿನ ಜನ್ಮ.
ಪಂಪಿನ ಸದ್ದಿಗಿಂತ ಕೆಳಗಿನ ದನಿಯಲ್ಲಿ ಕೇಳಿದ,
"ಒಂಬತ್ತು ದಿನದ ಮಗು,
ಅವಳು ಏನು ಮಾಡಿದ್ದಳು, ಬೊಮ್ಮಯ್ಯ?"

ಆಮೇಲೆ ಹನ್ನೊಂದು ರಾತ್ರಿ
ಒತ್ತಡ, ಹರಿವು, ಉಷ್ಣತೆ. ಇಷ್ಟೇ ಮಾತು.
ಸುತ್ತೋಲೆ ಬರೆದವರು ನೋಡಿದ್ದರೆ
ಬೆನ್ನು ತಟ್ಟುತ್ತಿದ್ದರು.
ಖರ್ಜೂರದ ಡಬ್ಬಿ ಮೇಜಿನ ಮೇಲೇ ಇತ್ತು,
ಮುಚ್ಚಳ ಹಾಕಿಕೊಂಡು.

ಆಗ ನೆನಪಾದದ್ದು ಇನ್ನೊಂದು.
ಹೋದ ವರ್ಷ, ಒಡೆದ ವಾಲ್ವಿಗೆ ಬದಲಿ ನಾಳೆ ಬರುತ್ತದಾ ಎಂದರೆ
"ಇನ್ಶಾ ಅಲ್ಲಾ" ಅಂದಿದ್ದ.
"ಹಾಗಾದರೆ ಬಂದ ಹಾಗೇ" ಎಂದು ನಾನು ನಕ್ಕಿದ್ದೆ,
ಕ್ಯಾಂಟೀನಿನಲ್ಲೂ ಹೇಳಿ ನಗಿಸಿದ್ದೆ.
ಅವನು ನಕ್ಕಿರಲಿಲ್ಲ ಎಂಬುದು
ಒಂದು ವರ್ಷ ತಡವಾಗಿ ಕಾಣಿಸಿತು.

ಹನ್ನೆರಡನೆಯ ರಾತ್ರಿ
"ಒಂದು ಮಾತು ಹೇಳಬಹುದಾ? ಬೇಡ ಅಂದರೆ ಬೇಡ" ಅಂದೆ.
ಪರದೆಯಿಂದ ಕಣ್ಣು ತೆಗೆಯದೆ ಕುರ್ಚಿ ತೋರಿಸಿದ.

ನಮ್ಮಲ್ಲಿ ಹಾಲು ಉಕ್ಕಿದರೂ ಕರ್ಮ,
ಬಸ್ಸು ತಪ್ಪಿದರೂ ಕರ್ಮ.
ಅಕಾಲದಲ್ಲಿ ನಾಲ್ಕು ಹನಿ ಬಿದ್ದು
ಎಳೆದಿಟ್ಟ ಉಪ್ಪು ಕರಗುವಾಗ
ಅವ್ವಿ ತಲೆಯ ಮೇಲೆ ಕೈ ಹೊತ್ತು
ಅಯ್ಯ ಕರ್ಮವೇ ಅನ್ನುತ್ತಿದ್ದಳು,
ಯಾರ ಲೆಕ್ಕವನ್ನೂ ತೆಗೆಯುತ್ತಿರಲಿಲ್ಲ.
ಕೈಲಾಗದ್ದಕ್ಕೆ ನಮಗಿರುವ ಸದ್ದು ಅದು.
ಹಿಂದಿನ ಜನ್ಮದ ಮಾತೂ ಇದೆ, ಸುಳ್ಳು ಹೇಳಲಾರೆ,
ಹಿರಿಯರು ನಂಬಿದ್ದಾರೆ; ನಾನು ಎಷ್ಟು ನಂಬುತ್ತೇನೆ
ನನಗೇ ತಿಳಿಯದು.
ಅವತ್ತು ನಿನ್ನ ಭುಜದ ಮೇಲೆ ಇಟ್ಟದ್ದು
ಆ ಸದ್ದನ್ನು ಮಾತ್ರ.

ಬಹಳ ಹೊತ್ತು ಸುಮ್ಮನಿದ್ದ.
ಮೂರನೇ ಪಂಪು ತಾನಾಗಿ ನಿಂತು, ತಾನಾಗಿ ಶುರುವಾಯಿತು.
"ನಮ್ಮಲ್ಲಿ ಹೇಳುತ್ತಾರೆ, ಅವಳು ಬಾಗಿಲಲ್ಲಿ ಕಾಯುತ್ತಾಳಂತೆ.
ನನ್ನ ಹೆಂಡತಿಗೆ ಅಷ್ಟು ಸಾಕು.
ನನಗೆ..."
ಆ ವಾಕ್ಯವನ್ನು ನಾನು ಮುಗಿಸಿಕೊಡಲು ಹೋಗಲಿಲ್ಲ.

ಪೂರ್ತಿ ಉಪ್ಪು ಕಳೆದ ನೀರು
ಬಾಯಿಗೆ ಸಪ್ಪೆ, ಕೊಳವೆಯನ್ನೂ ತಿನ್ನುತ್ತದೆ.
ಊರಿಗೆ ಬಿಡುವ ಮೊದಲು ತುಸು ಸುಣ್ಣ ಕೂಡಿಸಬೇಕು,
ಎಷ್ಟು ಎನ್ನುವುದಕ್ಕೆ ರಾತ್ರಿಯಿಡೀ ಎಚ್ಚರ ಇರಬೇಕು.
ಅದಕ್ಕೇ ನಮಗೆ ಸಂಬಳ.

ಮೂರೂ ಹತ್ತಕ್ಕೆ ದಿನಚರಿಯಲ್ಲಿ ಬರೆದೆ:
ಉಪ್ಪು, ಮಿತಿಯೊಳಗೆ.
ಮೂರನೇ ಪಂಪಿಗೆ ರಿಪೇರಿಯವರು ಯಾವಾಗ ಬರುತ್ತಾರೆ ಎಂದೆ.
"ನಾಳೆ," ಎಂದ, ಡಬ್ಬಿಯ ಮುಚ್ಚಳ ತೆಗೆಯುತ್ತ,
"ಇನ್ಶಾ ಅಲ್ಲಾ."
ನಾಳೆ ಎಂದು ಬರೆದು
ಅದರ ಮುಂದೆ ಒಂದು ಪದದಷ್ಟು ಜಾಗ ಬಿಟ್ಟೆ.